ಹರಿಯದ ಚೀಲ

ಚೀಲದ ಹಾಳೆ ಊದುವ ಯಂತ್ರದ ಬಾಯಿಂದ ಮೇಲೆದ್ದ ಪ್ಲಾಸ್ಟಿಕ್ಕಿನ ಗುಳ್ಳೆ ಆಳೆತ್ತರ ಬರುವಷ್ಟರಲ್ಲಿ ಮತ್ತೆ ಪಟ್ಟೆಂದು ಒಡೆಯಿತು. ಯಂತ್ರ ನಡೆಸುತ್ತಿದ್ದ ಅಕ್ಕ ನಾಲಿಗೆ ಕಚ್ಚಿಕೊಂಡಳು. ತಂಗಿ ಕಣ್ಣು ಮುಚ್ಚಿಕೊಂಡಳು.

"ಸಾಕು ಕಣ್ರಮ್ಮಾ," ಎಂದರು ಕಾರ್ಖಾನೆಯ ಯಜಮಾನರಾದ ಅವರ ಸೋದರಮಾವ. "ಈ ಜೋಳದ ಪಿಷ್ಟದ ಪ್ಲಾಸ್ಟಿಕ್ಕು ಮಣ್ಣಲ್ಲಿ ಕರಗುತ್ತೆ ಅನ್ನೋದೇನೋ ಸರಿ. ಆದ್ರೆ ನಾಲ್ಕು ಈರುಳ್ಳಿ ಹಾಕಿದ್ರೂ ಹರಿಯುತ್ತಲ್ಲ! ನಾಳೆಯಿಂದ ಹಳೇ ಪ್ಲಾಸ್ಟಿಕ್ಕೇ ಓಡ್ಲಿ."

ತಂಗಿ ಒಡೆದ ಗುಳ್ಳೆಯ ಚೂರನ್ನು ಬೆಳಕಿಗೆ ಹಿಡಿದು ನೋಡಿದಳು. ಒಣಹುಲ್ಲಿನಿಂದ ಅವಳು ತೆಗೆದ ನಾರು, ಒಂದು ಕೂದಲನ್ನು ಸಾವಿರ ಸೀಳು ಸೀಳಿದಷ್ಟು ಸಣ್ಣದು. ಗೋಡೆಯ ಮಣ್ಣಿಗೆ ಹುಲ್ಲು ಕಲಸಿದಂತೆ ಅದನ್ನು ಈ ಪ್ಲಾಸ್ಟಿಕ್ಕಿಗೆ ಬೆರೆಸಿದರೆ ಹಾಳೆ ಗಟ್ಟಿಯಾಗಲೇಬೇಕು. ಆದರೆ ಹಾಳು ನಾರು, ಬಿಸಿನೀರಿಗೆ ಸುರಿದ ಹಿಟ್ಟಿನಂತೆ ಗಂಟುಗಟ್ಟುತ್ತಿತ್ತು. ಗಂಟಿದ್ದಲ್ಲೆಲ್ಲ ತೂತು.

"ಮಾವ, ಇನ್ನೊಂದು ಥರ ಮಾಡಿಟ್ಟಿದೀನಿ. ನಾರನ್ನ ಮೊದ್ಲೇ ಸ್ವಲ್ಪ ಪ್ಲಾಸ್ಟಿಕ್ಕಲ್ಲಿ ಚೆನ್ನಾಗಿ ನಾದಿ, ಕಾಳು ಕಾಳಾಗಿ ಕತ್ತರಿಸಿದೀನಿ. ಗಂಟು ಇರಲ್ಲ. ಒಂದೇ ಒಂದ್ಸಲ..."

ಮಾವ ಹೂಂ ಅನ್ನುವುದಕ್ಕೂ ಕಾಯದೆ ಅಕ್ಕ ಕಾಳನ್ನು ಯಂತ್ರಕ್ಕೆ ಸುರಿದೇಬಿಟ್ಟಳು.

ಗುಳ್ಳೆ ಎದ್ದಿತು. ಆಳೆತ್ತರ ದಾಟಿತು. ಹಾಲುಬಣ್ಣದ ಕಂಬದಂತೆ ನಡುಗುತ್ತ, ಏರುತ್ತ, ಸೂರಿನಡಿಯ ಉರುಳೆಗಳನ್ನು ಮುಟ್ಟಿ, ಚಪ್ಪಟೆಯಾಗಿ ಸರಸರನೆ ಸುತ್ತಿಕೊಳ್ಳತೊಡಗಿತು.

"ನಿಂತ್ಕೊಂತು ಕಣೇ! ನಿಂತ್ಕೊಂತು!" ಅಕ್ಕ ಕಿರುಚಿದ ರಭಸಕ್ಕೆ ಪಕ್ಕದ ಕೋಣೆಯವರೆಲ್ಲ ಬೆಂಕಿಯೇ ಬಿತ್ತೇನೋ ಎಂದು ಓಡಿಬಂದರು. ತಂಗಿಗೆ ನಗು ಮೊದಲೋ ಅಳು ಮೊದಲೋ ತಿಳಿಯಲಿಲ್ಲ.

ಮೊದಲ ಚೀಲ ಸಿದ್ಧವಾದದ್ದೇ ತಡ, ಮಾವ ಅದಕ್ಕೆ ಕೈಗೆ ಸಿಕ್ಕ ನಟ್ಟು ಬೋಲ್ಟುಗಳನ್ನೆಲ್ಲ ತುಂಬಿ ಎತ್ತಿದರು. ಕುಲುಕಿದರು. ಹಲ್ಲು ಕಚ್ಚಿ ಜಗ್ಗಿದರು. ಅವರ ಅಂಗಿಯ ಗುಂಡಿ ಕಿತ್ತುಬಂತೇ ಹೊರತು, ಜಪ್ಪಯ್ಯ ಎಂದರೂ ಚೀಲ ಬಾಯಿಬಿಡಲಿಲ್ಲ.

"ಭೇಷ್! ಚೀಲಾನೂ ಗಟ್ಟಿ, ನೀನೂ ಗಟ್ಟಿಗಿತ್ತಿ!" ಎಂದವರು ಥಟ್ಟನೆ ನಿಂತರು. "ಅಲ್ಲಮ್ಮಾ, ಇಷ್ಟು ಗಟ್ಟಿ ಆದ್ಮೇಲೆ ಇದು ಮಣ್ಣಲ್ಲಿ ಕರಗುತ್ತಾ?"

ಎಲ್ಲರ ಕಣ್ಣೂ ತಂಗಿಯತ್ತ ಹೊರಳಿತು.

"ಕರಗ್ಬೇಕು ಮಾವ. ನಾರೂ ಹುಲ್ಲಿಂದೇ ತಾನೆ? ಆದ್ರೆ ಹೂತು ನೋಡಿದ್ರೇನೇ ಗೊತ್ತಾಗೋದು."

"ಸರಿ, ಹೂತು ನೋಡು. ಅಲ್ಲೀತನಕ ಯಂತ್ರ ನಿಂದೇ."

ಹಿತ್ತಿಲ ಗೊಬ್ಬರದ ಗುಂಡಿಯಲ್ಲಿ ಅಕ್ಕತಂಗಿಯರು ಚೀಲವನ್ನು ಹೂತು, ಮಣ್ಣೆಳೆದು, ನೀರು ಚಿಮುಕಿಸಿದರು.

"ಅಲ್ವೇ," ಅಕ್ಕ ಮೊಣಕೈಯಿಂದ ಬೆವರೊರೆಸಿಕೊಂಡು ಹೇಳಿದಳು, "ಇಷ್ಟು ಕಷ್ಟಪಟ್ಟು ಹೆತ್ತು, ಬೇಗ ಮಣ್ಣಾಗಿ ಹೋಗು ಅಂತ ಹರಸೋ ತಾಯಂದ್ರು ನಾವಿಬ್ರೇ ಇರ್ಬೇಕು ನೋಡು!"