ಅಜ್ಜಿಯ ಮಡಿಲು

ಮಂಗಳವಾರದ ಮೊದಲ ಬಸ್ಸಿನಿಂದ ನಡುಜನರ ಅಜ್ಜಿ ಎಂದಿನಂತೆ ಇಳಿದಳು. ಮಂಗನಿಗೂ ಮನುಷ್ಯನಿಗೂ ನಡುವಿನ ಕೊಂಡಿ ಎಂದು ಏಳನೇ ತರಗತಿಯ ಪುಸ್ತಕ ಹೇಳುವ ಜನ ಇವರೇ; ಅದರಲ್ಲಿರುವುದು ಇವಳದೇ ಚಿತ್ರ. ಕಂಡಕ್ಟರ್ ಇವಳಿಗೆ ಟಿಕೆಟ್ ಕೇಳುವುದಿಲ್ಲ.

ನಡುಜನರ ಹೆಂಗಸರು ಯಾರ ತಲೆಗೂದಲು ಬಿಡಿಸಿ ನೋಡುತ್ತಾರೋ ಅವರಷ್ಟೇ ಅವರಿಗೆ ಮನೆಯವರು. ಹನ್ನೊಂದು ವರ್ಷದಿಂದ ನಾನು ನಮ್ಮ ನಡುಜನ ಅಧ್ಯಯನ ಕೇಂದ್ರದ ಜಗಲಿಯಲ್ಲಿ ಅಜ್ಜಿಯೆದುರು ತಲೆ ತಗ್ಗಿಸಿ ಕೂರುತ್ತಿದ್ದೇನೆ. ಅವಳು ಒಮ್ಮೆ ಮೂಸಿ, ಸರಿದು ಹೋಗುತ್ತಾಳೆ.

ಇವತ್ತು ಅವಳು, ಅಡುಗೆಗೆ ಸೇರಿ ಎಂಟೇ ದಿನವಾದ ತುಳಸಕ್ಕನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ನಾನು ಗಡಿಯಾರ ನೋಡಿ ಬರೆದುಕೊಂಡೆ: ನಲವತ್ತಮೂರು ನಿಮಿಷ. ತುಳಸಕ್ಕನ ಸಾರಿಗೆ ಉಪ್ಪು ಹೆಚ್ಚು ಎಂದೂ ಬರೆದೆ.

"ಯಾಕೆ ಡಾಕ್ಟ್ರಮ್ಮ, ಮುಖ ಹಾಗೆ ಮಾಡಿದೀರಿ?" ತುಳಸಕ್ಕ ಒಂದು ಕಣ್ಣು ತೆರೆದು ನಕ್ಕಳು. "ನನ್ನ ತಲೆ ತುಂಬ ಹೇನು. ನೀವು ದಿನಾ ಶಾಂಪೂ ಹಾಕ್ತೀರಿ. ನಿಮ್ಮ ತಲೇಲಿ ಪಾಪ, ಅಜ್ಜಿಗೇನು ಸಿಗಬೇಕು?"

ನನ್ನ ನಾಲ್ಕು ಪ್ರಬಂಧಗಳಲ್ಲಿ ಎಲ್ಲಿಯೂ ಈ ಸಾಧ್ಯತೆಯನ್ನು ನಾನು ಪರಿಶೀಲಿಸಿರಲಿಲ್ಲ.

ಅಜ್ಜಿ ಹೊರಟ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ: "ತುಳಸಕ್ಕ, ಮುಂದಿನ ಮಂಗಳವಾರದವರೆಗೆ ನಿಮ್ಮ ಬಾಚಣಿಗೆ ಕೊಡ್ತೀರಾ?"