ಕೆಂಪು ದಾರ

ಅವಳು ಪ್ಲಗ್ ಕಿತ್ತಳು. ಹಳೆಯ ಕಲರ್ ಟಿವಿ ಒಮ್ಮೆ ಚಟಪಟಗುಟ್ಟಿ ಸುಮ್ಮನಾಯಿತು. ಹಿಂಬದಿಯ ಮುಚ್ಚಳವನ್ನು ಮೊದಲೇ ಬಿಚ್ಚಿಟ್ಟಿದ್ದಳು. ಒಳಗೆ ಗಾಜಿನ ಪಿಕ್ಚರ್ ಟ್ಯೂಬ್ ಸತ್ತಂತೆ ಕಂಡಿತು. ಸತ್ತಿರಲಿಲ್ಲ. ಪ್ಲಗ್ ಕಿತ್ತ ಮೇಲೂ ಟ್ಯೂಬು ಕರೆಂಟನ್ನು ಒಳಗೇ ಇಟ್ಟುಕೊಂಡಿರುತ್ತದೆ, ಹಗೆ ಇಟ್ಟುಕೊಂಡವರ ಹಾಗೆ.

ಅದಕ್ಕೇ ಆ ರಿಪೇರಿ ಅಂಗಡಿಯ ಅಣ್ಣತಮ್ಮಂದಿರು, ಅವಳ ಗಂಡ ಮತ್ತು ಮೈದುನ, ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಮೊದಲು ವೈರು ಕಟ್ಟಿದ ಸ್ಕ್ರೂ ಡ್ರೈವರಿನಿಂದ ಟ್ಯೂಬಿನ ಕರೆಂಟು ಇಳಿಸಬೇಕು. ಇಳಿಸಿದವನು ಟ್ಯೂಬಿನ ಕುತ್ತಿಗೆಗೆ ಕೆಂಪು ದಾರ ಸುತ್ತಬೇಕು. ದಾರ ಇದ್ದರೆ ಕಣ್ಣುಮುಚ್ಚಿ ಕೈಯಿಡಬಹುದು.

ಮೂರು ತಿಂಗಳ ಹಿಂದೆ ಅವಳ ಗಂಡ ದಾರ ನೋಡಿಯೇ ಕೈಯಿಟ್ಟಿದ್ದ. ಹೊಡೆತಕ್ಕೆ ಹಿಂದಕ್ಕೆ ಬಿದ್ದ. ಕಬ್ಬಿಣದ ಮೇಜಿನ ಮೂಲೆ ತಲೆಗೆ ತಾಗಿತು. ಮತ್ತೆ ಏಳಲಿಲ್ಲ.

"ದಾರ ಹಾಕಿದ್ದು ನಾನೇ. ಕರೆಂಟು ಇಳಿಸೋದು ಮರೆತೆ," ಎಂದು ಮೈದುನ ಪೊಲೀಸರ ಮುಂದೆ ತಲೆ ತಗ್ಗಿಸಿದ. ಜನ ಅಯ್ಯೋ ಪಾಪ ಎಂದರು. ಅವಳು ಅನ್ನಲಿಲ್ಲ. ಇಪ್ಪತ್ತು ವರ್ಷ ಪಳಗಿದ ಕೈ ಮರೆಯುತ್ತದೆಯೇ? ಅಂಗಡಿ ಈಗ ಅವನ ಕೈಯಲ್ಲಿತ್ತು. ಆ ದಾರವನ್ನು ಅವಳು ಅಂದೇ ಕತ್ತರಿಸಿ ತೆಗೆದು ಪ್ರಾರ್ಥನೆಯ ಪುಸ್ತಕದಲ್ಲಿ ಇಟ್ಟಿದ್ದಳು, ದೇವರೇ ಸಾಕ್ಷಿಯಾಗಿರಲಿ ಎಂದು. ಪುಸ್ತಕವನ್ನು ಮತ್ತೆ ತೆರೆದಿರಲಿಲ್ಲ.

ಮದುವೆಯಾಗಿ ಬಂದಂದಿನಿಂದ ದಿನಾ ಬೆಳಿಗ್ಗೆ ಅಂಗಡಿ ಗುಡಿಸುತ್ತಿದ್ದವಳು ಅವಳು. ಬಿದ್ದ ಸ್ಕ್ರೂ ಕಂಡರೂ ಎತ್ತಿ ಎಲ್ಲಿಗಾದರೂ ಸೇರಿಸದೆ ನೆಮ್ಮದಿಯಿಲ್ಲ. "ನೀನು ಗುಡಿಸಿದ ಮೇಲೆ ನಮ್ಮ ಸಾಮಾನು ನಮಗೇ ಸಿಗಲ್ಲ ಕಣೇ," ಎಂದು ಗಂಡ ನಗುತ್ತಿದ್ದ. ಇಂದೂ ಗುಡಿಸಿದಳು. ಡ್ರಾಯರಿನಿಂದ ಕೆಂಪು ದಾರವೊಂದನ್ನು ತೆಗೆದಳು. ಕರೆಂಟು ತುಂಬಿದ್ದ ಟ್ಯೂಬಿನ ಕುತ್ತಿಗೆಗೆ, ಅಮ್ಮ ಕಲಿಸಿದ ಹಾಗೆ, ಗಂಟಿನ ಮೇಲೆ ಗಂಟು ಹಾಕಿ ಬಿಗಿದಳು.

ಮೈದುನ ಬಂದ.

"ಅತ್ತಿಗೆ, ಊಟ ಆಯ್ತಾ?"

ಮೂರು ತಿಂಗಳಿಂದ ದಿನವೂ ಇದೇ ಪ್ರಶ್ನೆ. ಅವಳು ತಲೆಯಾಡಿಸಿದಳು. ಅವನು ಸ್ಟೂಲು ಎಳೆದುಕೊಂಡು ಟಿವಿಯ ಹಿಂದೆ ಕೂತ. ಕೈ ಮುಂದೆ ಹೋಯಿತು. ಅವಳ ಕಣ್ಣು ಕಬ್ಬಿಣದ ಮೇಜಿನ ಮೂಲೆಯ ಮೇಲಿತ್ತು.

ಗೇಣು ದೂರದಲ್ಲಿ ಕೈ ನಿಂತಿತು. ಅವನು ದಾರವನ್ನೇ ನೋಡಿದ. ಆಮೇಲೆ ಮೆಲ್ಲಗೆ ಸ್ಕ್ರೂ ಡ್ರೈವರ್ ತೆಗೆದುಕೊಂಡ. ಚಟ್ ಎಂದು ನೀಲಿ ಕಿಡಿ ಹಾರಿತು.

"ಇದನ್ನ ಯಾರು ಕಟ್ಟಿದ್ದು?"

"ನೀನೇ ಇರಬೇಕು," ಎಂದಳು ಅವಳು. "ಮರೆತಿರಬೇಕು."

ಅವನು ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದ. ನಂತರ ತಲೆ ತಗ್ಗಿಸಿದ.

"ಹೌದು ಅತ್ತಿಗೆ. ನಾನೇ. ಮರೆತೆ."

ಮಾತು ಅದೇ, ದನಿ ಅದೇ. ಆದರೆ ಈಗ ಬಂದು ಕೂರುವ ತನಕ ಈ ಟಿವಿಯನ್ನು ಅವನು ಮುಟ್ಟಿಯೇ ಇರಲಿಲ್ಲ.

ಅವನು ಉಗುರಿನಿಂದ ಗಂಟು ಬಿಡಿಸಲು ಹೆಣಗಿದ. ಅವಳ ಮುಖ ನೋಡದೆ, ಮಗುವಿಗೆ ಹೇಳುವ ಹಾಗೆ ಹೇಳಿದ: "ನಾವು ಬರೀ ಸುತ್ತಿ ಬಿಡ್ತೀವಿ, ಗಂಟು ಹಾಕಲ್ಲ. ಹಾಗಾಗಿ ಒಂದೊಂದು ಸಲ ಬಿದ್ದುಹೋಗುತ್ತೆ. ಗುಡಿಸುವಾಗ ದಾರ ಸಿಕ್ಕಿದ್ರೆ ಇನ್ನು ಮೇಲೆ ಟ್ಯೂಬಿಗೆ ಕಟ್ಟದೆ ಈ ಡಬ್ಬಿಗೆ ಹಾಕಿಬಿಡಿ ಅತ್ತಿಗೆ."

ಅವಳು ಎದ್ದು ಒಳಗೆ ಹೋದಳು. ಪ್ರಾರ್ಥನೆಯ ಪುಸ್ತಕ ತೆರೆದಳು.

ಕತ್ತರಿಸಿದ ದಾರದ ನಡುವೆ, ಸಡಿಲವೂ ಆಗದೆ, ಅಮ್ಮ ಕಲಿಸಿದ ಹಾಗೆಯೇ ಹಾಕಿದ ಗಂಟಿನ ಮೇಲೆ ಗಂಟು ಕೂತಿತ್ತು.