ಆಂಟೆನಾಕ್ಕೆ ಕಟ್ಟಿದ ಬಾಳೆಕಂದು

ಪಂಕ್ಚರ್ ಅಂಗಡಿಯ ಸಲ್ಯೂಷನ್ ವಾಸನೆ ಬಡಿದರೆ ಈಗಲೂ ನಾನು ತಲೆಯೆತ್ತಿ ಆಕಾಶ ನೋಡುತ್ತೇನೆ.

ಅಂದು ಆಯುಧಪೂಜೆ. ಪೀಣ್ಯದ ಕಾರ್ಖಾನೆಯೊಂದರ ಸಾಹುಕಾರರಿಗೆ ಡ್ರೈವರ್ ಆಗಿದ್ದ ಅಪ್ಪ, ಅವರ ಕಾರನ್ನು ತೊಳೆದು ಸಿಂಗರಿಸಲು ಲಗ್ಗೆರೆಯ ನಮ್ಮ ಮನೆಗೆ ತಂದಿದ್ದ. ಎತ್ತಿನ ಗಾಡಿಯ ಗೂಟಕ್ಕೆ ಬಾಳೆಕಂದು ಕಟ್ಟಿ ಅಭ್ಯಾಸವಿದ್ದ ಅಜ್ಜಿ, ಕಾರಿನ ನೆತ್ತಿಯ ಮೇಲಿದ್ದ ರೇಡಿಯೊ ಆಂಟೆನಾಕ್ಕೂ ಒಂದನ್ನು ಬಿಗಿದಳು. ಗಾಳಿ ಬೀಸಿದ್ದೇ ತಡ, ಆಂಟೆನಾ ಬುಡಸಮೇತ ಕಿತ್ತು ಬಂದು ಕಾರಿನ ನೆತ್ತಿಯಲ್ಲಿ ತೂತು ಉಳಿಯಿತು.

“ನಾಲ್ಕಕ್ಕೆ ಸಾಹುಕಾರ್ರು ಬತ್ತಾರೆ. ಒಳಗೆ ನೀರು ಬಿದ್ರೆ ನನ್ ಕೆಲ್ಸ ಹೋಯ್ತು.”

ಅಷ್ಟೇ ಹೇಳಿ ಅಪ್ಪ ಹಳೆಯ ಸೈಕಲ್ ಟ್ಯೂಬನ್ನು ದುಂಡಗೆ ಕತ್ತರಿಸಿ, ಸಲ್ಯೂಷನ್ ಬಳಿದು ತೂತಿನ ಸುತ್ತ ಅಂಟಿಸಿ, ಆಂಟೆನಾ ನಿಲ್ಲಿಸಿ ನಟ್ಟು ಬಿಗಿದ. ಆಮೇಲೆ ನನ್ನನ್ನೂ ಅಜ್ಜಿಯನ್ನೂ ಒಳಗೆ ಕೂರಿಸಿ, ಮೇಲೆ ಒಂದು ಬಿಂದಿಗೆ ನೀರು ಸುರಿದ. ಅಜ್ಜಿ ಅಂಗೈ ಒಡ್ಡಿ ಕೂತಿದ್ದಳು.

“ಸೋರ್ತೈತಾ ಅವ್ವಾ?”

ಒಂದು ಹನಿ ಅವಳ ಅಂಗೈಗೆ ಬಿತ್ತು. ಅವಳು ಮುಷ್ಟಿ ಮುಚ್ಚಿದಳು.

“ಇಲ್ಲ ಕಣ್ಮಗ, ಒಂದು ತೊಟ್ಟೂ ಬಿದ್ದಿಲ್ಲ.”

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಇನ್ನೊಂದು ಕೈ ನನ್ನ ತೊಡೆ ಚಿವುಟಿತು. ಹೊರಗೆ ಅಪ್ಪ ಅಂದು ಮೊದಲ ಸಲ ನಕ್ಕ.

ಪೂಜೆ ಮುಗಿದು, ಸಾಹುಕಾರರನ್ನು ಕೂರಿಸಿಕೊಂಡು ಕಾರು ತುಮಕೂರು ರಸ್ತೆಯತ್ತ ಹೊರಟಿತು. ಮಂಗಳಾರತಿ ತಟ್ಟೆಯಲ್ಲಿ ದೀಪ ಆರಿದ್ದನ್ನೂ ಗಮನಿಸದೆ ಅಜ್ಜಿ ಅಂಗಳದಲ್ಲೇ ನಿಂತು, ಕತ್ತಲಾಗುವವರೆಗೂ ಮೋಡ ನೋಡುತ್ತಿದ್ದಳು.